ಬೋಟ್ ಬಂದ್ ಇರುವ ಕಾಲಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕು?

ಪ್ರಶ್ನೆ: ಸರ್, ನಮ್ಮ ಮನೆ ಕಾರವಾರದ ಬೈತಖೋಲದ ಹತ್ತಿರ. ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಅಪ್ಪ ಸುತ್ತುಬಲೆ ಹಾಕುವ ಪರ್ಸಿನ್ ಬೋಟಿನಲ್ಲಿ ಖಲಾಸಿ. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ವರ್ಷಕ್ಕೆ ಎರಡು ತಿಂಗಳು ಬೋಟ್ ಬಂದ್. ಆಯಿ ಮಾರ್ಕೆಟ್‌ನಲ್ಲಿ ಮೀನು ಮಾರುತ್ತಾಳೆ. ಒಂದು ಸ್ಕಾಲರ್‌ಶಿಪ್ ಅರ್ಜಿಗೆ ‘ನಿಮ್ಮ ಕುಟುಂಬ ಎದುರಿಸಿದ ಕಷ್ಟದ ದಿನಗಳು’ ಎಂದು ಇಂಗ್ಲಿಷಿನಲ್ಲಿ 300 ಪದ ಬರೆಯಬೇಕು. ನಾನು ಎಲ್ಲ ಕಡೆ ಹಾರ್ಡ್ ಟೈಮ್ ಅಂತಲೇ ಬರೆದಿದ್ದೇನೆ. ಗೆಳತಿ ರಫ್ ಪ್ಯಾಚ್ ಬರಿ ಅಂದಳು. ನಮ್ಮ ಮೇಡಂ ಲೀನ್ ಸೀಸನ್ ಅಂದರು. ಮೊಬೈಲಿನಲ್ಲಿ ಹುಡುಕಿದರೆ ಡೈರ್ ಸ್ಟ್ರೇಟ್ಸ್ ಅಂತ ಬಂತು. ಇವೆಲ್ಲ ಒಂದೇನಾ? ನನ್ನ ಮೊದಲ ವಾಕ್ಯ ಹೀಗಿದೆ: ‘ಮೈ ಫಾದರ್ ಹಾರ್ಡ್ಲಿ ವರ್ಕ್ಡ್, ಬಟ್ ದ ಬ್ಯಾನ್ ಗೇವ್ ಅಸ್ ಹಾರ್ಡ್ ಟೈಮ್.’ ಸರಿ ಇದೆಯಾ? ಇನ್ನೊಂದು, ಆಯಿಯ ಕೆಲಸಕ್ಕೆ ಡಿಕ್ಷನರಿಯಲ್ಲಿ ಫಿಶ್‌ವೈಫ್ ಅಂತ ಸಿಕ್ಕಿತು. ಅದನ್ನು ಹಾಕಬಹುದಾ?

ಉತ್ತರ: ಮೊದಲು ಆ ವಾಕ್ಯ ನೋಡೋಣ. ಅದನ್ನು ಹಾಗೇ ಕಳಿಸಿದರೆ ನಿಮ್ಮ ಅಪ್ಪನಿಗೆ ಅನ್ಯಾಯ ಮಾಡಿದ ಹಾಗೆ. ಸ್ಲೋ ಇದ್ದದ್ದು ಸ್ಲೋಲಿ ಆಗುತ್ತದೆ, ಕ್ವಿಕ್ ಇದ್ದದ್ದು ಕ್ವಿಕ್ಲಿ ಆಗುತ್ತದೆ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಆ ಲೆಕ್ಕದಲ್ಲಿ ಹಾರ್ಡ್ಲಿ ಅಂದರೆ ‘ಕಷ್ಟಪಟ್ಟು’ ಆಗಬೇಕಿತ್ತು. ಆದರೆ ಹಾಗಾಗುವುದಿಲ್ಲ. ಹಾರ್ಡ್ಲಿ ಅಂದರೆ ‘ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ’. ‘ಹಾರ್ಡ್ಲಿ ವರ್ಕ್ಡ್’ ಎಂದು ಓದಿದವರಿಗೆ ನಿಮ್ಮ ಅಪ್ಪ ಕೆಲಸವನ್ನೇ ಮಾಡದೆ ಸುಮ್ನೆ ಕೂತಿದ್ದರು ಅಂತ ಅನಿಸುತ್ತದೆ. ಬೆಳಗಿನ ಜಾವಕ್ಕೆ ಎದ್ದು ಬಲೆ ಎಳೆಯುವವರಿಗೆ ಈ ಮಾತು ಬೇಡ. ‘ವರ್ಕ್ಡ್ ಹಾರ್ಡ್’ ಅಂತ ಬರೆಯಿರಿ. ಹಾರ್ಡ್ ಕೊನೆಗೆ ಬರಲಿ, ಬಾಲ ಏನೂ ಬೇಡ.

ವಾಕ್ಯದ ಇನ್ನರ್ಧದಲ್ಲೂ ಒಂದು ತೊಡಕಿದೆ. ಇಂಗ್ಲಿಷಿನಲ್ಲಿ ಒಬ್ಬರು ಇನ್ನೊಬ್ಬರಿಗೆ ‘ಗಿವ್ ಎ ಹಾರ್ಡ್ ಟೈಮ್’ ಮಾಡಿದರು ಅಂದರೆ ಬೇಕಂತಲೇ ಕಾಡಿಸಿದರು, ಗೋಳು ಹೊಯ್ದುಕೊಂಡರು ಎಂದು. ಹಾಸ್ಟೆಲಿನಲ್ಲಿ ಸೀನಿಯರ್‌ಗಳು ಹಾಗೆ ಮಾಡಬಹುದು. ಚಿಲ್ಲರೆಗಾಗಿ ಬಸ್ ಕಂಡಕ್ಟರ್ ಮಾಡಬಹುದು. ಮೀನುಗಾರಿಕೆ ನಿಷೇಧ ಯಾರನ್ನೂ ಬೇಕಂತ ಕಾಡಿಸುವುದಿಲ್ಲ. ‘ವಿ ಹ್ಯಾಡ್ ಎ ಹಾರ್ಡ್ ಟೈಮ್’ ಎಂದರೆ ಸರಿ, ಅಲ್ಲಿ ಕಷ್ಟಪಟ್ಟವರು ನೀವು. ಮಧ್ಯದ ಆ ಪುಟ್ಟ ‘ಎ’ ಬಿಡಬೇಡಿ. ಅದು ಬೇಡ ಎಂದಿದ್ದರೆ ಬಹುವಚನಕ್ಕೆ ಹೋಗಿ, ‘ಹಾರ್ಡ್ ಟೈಮ್ಸ್’ ಅನ್ನಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಇವೆಲ್ಲ ಒಂದೇ ಅಲ್ಲ. ಕನ್ನಡದಲ್ಲಿ ನಾವು ‘ಕಷ್ಟ’ ಎಂಬ ಒಂದೇ ಮಾತಿನಲ್ಲಿ ಬಹಳಷ್ಟನ್ನು ದಾಟಿಸಿಬಿಡುತ್ತೇವೆ. ಕೇಳುವವರಿಗೆ ನಮ್ಮ ಮುಖ ನೋಡಿದರೆ ಉಳಿದದ್ದು ಗೊತ್ತಾಗುತ್ತದೆ. ನಿಮ್ಮ ಅರ್ಜಿ ಓದುವವರು ನಿಮ್ಮ ಮುಖ ನೋಡುವುದಿಲ್ಲ. ಹಾಗಾಗಿ ಯಾವ ಪದ ಹಾಕಬೇಕು ಅಂತ ಯೋಚಿಸುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಈ ಕಷ್ಟ ಬರುತ್ತದೆ ಎಂದು ಮೊದಲೇ ಗೊತ್ತಿತ್ತಾ? ಎಷ್ಟು ದಿನ ಇತ್ತು? ನಿಮ್ಮ ಮನೆಗೆ ಮಾತ್ರ ಬಂತಾ, ಇಡೀ ಕೇರಿಗೆ ಬಂತಾ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಪದ ತಾನಾಗಿಯೇ ಬರುತ್ತದೆ. ಬರೀ ಪದದ ಚಂದ ನೋಡಿ ಆರಿಸಿದರೆ ತಪ್ಪುವುದೇ ಜಾಸ್ತಿ.

ನಿಮ್ಮ ಮೇಡಂ ಹೇಳಿದ ಲೀನ್ ಸೀಸನ್ ನಿಮ್ಮ ಮನೆಗೆ ಸರಿಯಾಗಿ ಹೊಂದುತ್ತದೆ. ಲೀನ್ ಅಂದರೆ ಬಡಕಲು, ಕೊಬ್ಬಿಲ್ಲದ್ದು. ಈ ಮಾತಿಗೆ ಹಳೆಯ ಕಥೆಯೊಂದರ ಬಲವೂ ಇದೆ. ಬೈಬಲ್‌ನಲ್ಲಿ ಈಜಿಪ್ಟಿನ ದೊರೆ ಫೇರೋ ಒಂದು ಕನಸು ಕಾಣುತ್ತಾನೆ. ನದಿಯಿಂದ ಮೈತುಂಬಿಕೊಂಡ ಏಳು ಹಸುಗಳು ಮೇಲೆ ಬರುತ್ತವೆ. ಅವುಗಳ ಹಿಂದೆ ಏಳು ಬಡಕಲು ಹಸುಗಳು ಬಂದು ಮೊದಲಿನವನ್ನು ತಿಂದುಹಾಕುತ್ತವೆ. ಏಳು ವರ್ಷ ಸುಭಿಕ್ಷ, ಆಮೇಲೆ ಏಳು ವರ್ಷ ಬರ, ಈಗಲೇ ಕಾಳು ಕೂಡಿಡು ಎಂದು ಜೋಸೆಫ್ ಅದರ ಅರ್ಥ ಹೇಳುತ್ತಾನೆ. 1611ರ ಇಂಗ್ಲಿಷ್ ಅನುವಾದದಲ್ಲಿ ಆ ಹಸುಗಳಿಗೆ ಲೀನ್ ಎಂದೇ ಇದೆ. ಲೀನ್ ಇಯರ್ಸ್, ಲೀನ್ ಮಂತ್ಸ್ ಅಂತ ಕೇಳಿದ ಕೂಡಲೇ ಇಂಗ್ಲಿಷ್ ಓದುಗರಿಗೆ ಎರಡು ವಿಷಯ ಹೊಳೆಯುತ್ತದೆ. ಇದಕ್ಕೆ ಮೊದಲು ತುಂಬಿದ ಕಾಲ ಒಂದಿತ್ತು, ಮತ್ತು ಇದು ಒಂದು ದಿನ ಮುಗಿಯುತ್ತದೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಹುಚ್ಚೆದ್ದಿರುತ್ತದೆ. ಪ್ರತಿ ವರ್ಷ ಬರುವಂಥದ್ದು, ತಾರೀಖು ಸಹಿತ ಗೊತ್ತಿರುವಂಥದ್ದು. ಅದಕ್ಕೆ ಲೀನ್ ಸೀಸನ್ ಅನ್ನಬಹುದು, ನೇರವಾಗಿ ಫಿಶಿಂಗ್ ಬ್ಯಾನ್ ಅನ್ನಬಹುದು. ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯ ಕಾಗದಗಳಲ್ಲೂ ನಿಷೇಧದ ಕಾಲಕ್ಕೆ ಬ್ಯಾನ್ ಪೀರಿಯಡ್, ಲೀನ್ ಪೀರಿಯಡ್ ಎಂದೇ ಇದೆ. ಅರ್ಜಿ ಓದುವವರು ಭಾರತದವರಾದರೆ ಥಟ್ಟನೆ ಅರ್ಥವಾಗುತ್ತದೆ. ಅವರು ಹೊರದೇಶದವರಾಗಿದ್ದರೆ ಬ್ಯಾನ್ ಎಂಬ ಮಾತು ಸ್ವಲ್ಪ ಎಡವಟ್ಟು. ಅಪ್ಪ ಏನೋ ತಪ್ಪು ಮಾಡಿ ಅವರ ಮೇಲೆ ನಿಷೇಧ ಬಿತ್ತು ಅಂದುಕೊಂಡಾರು. ಬ್ರಿಟಿಷರು ಇಂಥ ಅವಧಿಗೆ ಕ್ಲೋಸ್ ಸೀಸನ್ ಅನ್ನುತ್ತಾರೆ, ಅಮೆರಿಕದವರು ಕ್ಲೋಸ್ಡ್ ಸೀಸನ್ ಅನ್ನುತ್ತಾರೆ. ‘ದ ಮಾನ್ಸೂನ್ ಫಿಶಿಂಗ್ ಬ್ಯಾನ್’ ಎಂದು ಮೊದಲ ಸಲ ಪೂರ್ತಿ ಬರೆದು, ಆಮೇಲೆ ಬರೀ ಬ್ಯಾನ್ ಅಂದರೆ ಯಾರಿಗೂ ಗೊಂದಲ ಇರುವುದಿಲ್ಲ. ಆಫ್ ಸೀಸನ್ ಮಾತ್ರ ಬೇಡ. ಅದು ಗೋಕರ್ಣದ ಹೋಟೆಲ್ ರೂಮಿಗೆ ಹೇಳುವ ಮಾತು.

ಇಂಗ್ಲೆಂಡಿನ ತರಕಾರಿ ಬೆಳೆಯುವವರಲ್ಲಿ ಹಂಗ್ರಿ ಗ್ಯಾಪ್ ಎಂಬ ಮಾತಿದೆ. ಚಳಿಗಾಲದ ತರಕಾರಿ ಮುಗಿದು ಹೊಸ ಬೆಳೆ ಇನ್ನೂ ಕೈಗೆ ಬರದ, ಏಪ್ರಿಲ್–ಮೇ ಆಸುಪಾಸಿನ ವಾರಗಳಿಗೆ ಹಾಗನ್ನುತ್ತಾರೆ. ಚಂದದ ಮಾತು, ಆದರೆ ನಿಮ್ಮ ಪ್ರಬಂಧಕ್ಕೆ ಬೇಕಿಲ್ಲ.

ಇಲ್ಲಿ ಇನ್ನೊಂದು ತಪ್ಪಿನ ಬಗ್ಗೆ ಎಚ್ಚರಿಸಬೇಕು. ಬಂಗಡೆ, ತಾರ್ಲೆ ಮೀನು ಬಲೆಗೆ ಬೀಳದ ವರ್ಷ ನಮ್ಮ ಪತ್ರಿಕೆಗಳು ‘ಮತ್ಸ್ಯಕ್ಷಾಮ’ ಅಂತ ಬರೆಯುತ್ತವೆ. ಅದನ್ನು ಇಂಗ್ಲಿಷಿಗೆ ತಿರುಗಿಸಿ ಫಿಶ್ ಫ್ಯಾಮಿನ್ ಅಂತ ಹಾಕುವವರಿದ್ದಾರೆ. ಫ್ಯಾಮಿನ್ ಅಂದರೆ ಜನ ತಿನ್ನಲು ಇಲ್ಲದೆ ಸಾಯುವ ಹೊತ್ತು. ಮೀನು ಸಿಗದಿದ್ದರೆ ‘ದ ಕ್ಯಾಚ್ ವಾಸ್ ಪೂರ್’ ಅನ್ನಿ, ಏನೂ ಸಿಗದೇ ಇದ್ದರೆ ‘ದ ಕ್ಯಾಚ್ ಫೇಲ್ಡ್’ ಅನ್ನಿ. ಅಡಿಕೆಗೆ ಕೊಳೆರೋಗ ಬಂದು ಫಸಲು ನೆಲಕ್ಕೆ ಉದುರಿದ ಶಿರಸಿ ಕಡೆಯ ಹುಡುಗರಿಗೂ ಇದೇ ಮಾತು, ‘ದ ಕ್ರಾಪ್ ಫೇಲ್ಡ್’. ಅಂದ ಹಾಗೆ ಕೊಳೆರೋಗಕ್ಕೆ ಇಂಗ್ಲಿಷ್ ಹುಡುಕಿ ಒದ್ದಾಡಬೇಕಿಲ್ಲ. ಗಿಡರೋಗದ ಇಂಗ್ಲಿಷ್ ಪುಸ್ತಕಗಳೇ ಅದನ್ನು ಕೊಳೆರೋಗ ಅನ್ನುತ್ತವೆ. ನಮ್ಮ ತೋಟದ ಕಷ್ಟವೊಂದು ಹಾಗೇ ಇಂಗ್ಲಿಷಿಗೆ ಹೋಗಿದೆ!

‘ಬರ’ ಎಂಬ ಪದವೂ ಇಂಥದ್ದೇ. ಕನ್ನಡದಲ್ಲಿ ಮಳೆ ಇಲ್ಲದ್ದೂ ಬರ, ಅನ್ನ ಇಲ್ಲದ್ದೂ ಬರ. ಇಂಗ್ಲಿಷಿನಲ್ಲಿ ಮಳೆ ಇಲ್ಲದ್ದು ಡ್ರಾಟ್, ಅನ್ನ ಇಲ್ಲದ್ದು ಫ್ಯಾಮಿನ್. 2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು. ಅದು ಡ್ರಾಟ್. 1876ರಿಂದ 78ರವರೆಗೆ ದಕ್ಷಿಣ ಭಾರತದಲ್ಲಿ ಲಕ್ಷಗಟ್ಟಲೆ ಜನ ಸತ್ತದ್ದು ಫ್ಯಾಮಿನ್. ನಮ್ಮ ಹಿರಿಯರು ಅದನ್ನು ಇಸವಿಯಿಂದ ಗುರುತಿಸಲಿಲ್ಲ. ಧಾತು ಸಂವತ್ಸರ, ಈಶ್ವರ ಸಂವತ್ಸರ ಎರಡಕ್ಕೂ ಹರಡಿದ್ದರಿಂದ ‘ಧಾತು ಈಶ್ವರದ ಬರ’ ಅಂದರು. ಆಗ ನಮ್ಮ ಉತ್ತರ ಕನ್ನಡ ಜಿಲ್ಲೆ ಬೊಂಬಾಯಿ ಪ್ರಾಂತ್ಯದಲ್ಲಿತ್ತು, 1862ರಲ್ಲೇ ಮದ್ರಾಸಿನಿಂದ ಅಲ್ಲಿಗೆ ಸೇರಿಸಿದ್ದರು. ಆ ದೊಡ್ಡ ಬರ ಮುಗಿದ ಮೇಲೆ, 1880ರ ದಶಕದಲ್ಲಿ, ಬ್ರಿಟಿಷ್ ಸರ್ಕಾರ ಫ್ಯಾಮಿನ್ ಕೋಡ್‌ಗಳನ್ನು, ಅಂದರೆ ಬರ ಪರಿಹಾರದ ನಿಯಮಗಳನ್ನು, ತಂದಿತು. ಅವುಗಳಲ್ಲಿ ಸ್ಕೇರ್ಸಿಟಿ (ಅಭಾವ) ಬೇರೆ, ಫ್ಯಾಮಿನ್ ಬೇರೆ. ಯಾವ ಪದ ಬಿತ್ತು ಎನ್ನುವುದರ ಮೇಲೆ ಎಷ್ಟು ಪರಿಹಾರ, ಯಾವ ಕಾಮಗಾರಿ ಎಂದು ತೀರ್ಮಾನವಾಗುತ್ತಿತ್ತು. ಕಷ್ಟಕ್ಕೆ ಯಾವ ಹೆಸರು ಕೊಡುತ್ತಾರೆ ಎಂಬುದರಿಂದ ಹೊಟ್ಟೆಯ ಲೆಕ್ಕ ಬದಲಾಗುತ್ತದೆ, ನೋಡಿ. ಇವತ್ತಿಗೂ ತಾಲ್ಲೂಕು ‘ಘೋಷಣೆ’ ಆಗಿದೆಯಾ ಅಂತ ಜನ ಕಾಯುವುದು ಅದಕ್ಕೇ.

ಅದೇ ಸಾಲಿನ ಇನ್ನೊಂದು ಹಳೆಯ ಪದ ಡರ್ತ್. ಈಗ ‘ಕೊರತೆ’ ಎಂಬ ಅರ್ಥದಲ್ಲಿ ಬಳಸುತ್ತಾರೆ. ಮೂಲದಲ್ಲಿ ಅದು ಡಿಯರ್ ಎಂಬ ಪದದಿಂದ ಬಂದದ್ದು. ಡಿಯರ್ ಅಂದರೆ ಪ್ರೀತಿಯ ಎಂಬ ಅರ್ಥ ಇರುವ ಹಾಗೆ ತುಟ್ಟಿ ಎಂಬ ಅರ್ಥವೂ ಇದೆ. ಕಾಳು ತುಟ್ಟಿಯಾದ ಕಾಲವೇ ಡರ್ತ್. ಸರ್ಕಾರಿ ನೌಕರರು ಡಿ.ಎ. ಬಂತಾ ಅಂತ ಕೇಳುತ್ತಾರಲ್ಲ, ಆ ಡಿಯರ್‌ನೆಸ್ ಅಲೋಯನ್ಸ್‌ನಲ್ಲಿರುವುದೂ ಅದೇ ಡಿಯರ್. ಅದನ್ನು ತುಟ್ಟಿಭತ್ಯೆ ಅಂತ ಕನ್ನಡಕ್ಕೆ ತಂದವರು ಸರಿಯಾಗಿಯೇ ತಂದಿದ್ದಾರೆ.

ಗೆಳತಿಯ ರಫ್ ಪ್ಯಾಚ್‌ಗೆ ಬರೋಣ. ಇದು ಮಾತುಕತೆಯ ಪದ. ಸ್ವಲ್ಪ ದಿನ ಏನೋ ಸರಿ ಹೋಗುತ್ತಿಲ್ಲ, ಆಮೇಲೆ ಸರಿಯಾಗುತ್ತದೆ ಎಂಬ ಭಾವ. ಗಂಡ–ಹೆಂಡಿರ ನಡುವೆ ಮುನಿಸು, ಕ್ರಿಕೆಟಿಗನಿಗೆ ರನ್ ಬರದ ತಿಂಗಳು, ಅಂಗಡಿಗೆ ವ್ಯಾಪಾರ ಇಲ್ಲದ ದಿನಗಳು, ಇವಕ್ಕೆಲ್ಲ ನಡೆಯುತ್ತದೆ. ಬ್ರಿಟಿಷರು ಬ್ಯಾಡ್ ಪ್ಯಾಚ್ ಅಂತಲೂ ಅನ್ನುತ್ತಾರೆ. ಅದರಲ್ಲಿ ಒಂದು ಹಗುರತನ ಇದೆ. ಹಾಗಾಗಿ ವರ್ಷವರ್ಷವೂ ಬರುವ ನಿಷೇಧಕ್ಕೆ ಅದು ಸರಿಯಲ್ಲ. ದೊಡ್ಡ ದುರಂತಕ್ಕಂತೂ ಬಳಸಲೇಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅಲ್ಲಿ ಮನೆಯವರನ್ನು ಕಳೆದುಕೊಂಡವರ ಬಗ್ಗೆ ‘ಅವರು ರಫ್ ಪ್ಯಾಚ್‌ನಲ್ಲಿದ್ದಾರೆ’ ಅಂದರೆ ಕೇಳಿದವರಿಗೆ ಸಿಟ್ಟು ಬರುತ್ತದೆ. ಅಲ್ಲಿಗೆ ಟ್ರಾಜಿಡಿ, ಲಾಸ್, ಗ್ರೀಫ್ ಇಂಥ ಮಾತು ಬೇಕು. ಅದೇ ವರ್ಷ ಆಗಸ್ಟ್ 7ರಂದು, ಮಧ್ಯರಾತ್ರಿ ದಾಟಿದ ಮೇಲೆ, ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು, ಹೊಸ ಸೇತುವೆ ಒಂದರ ಮೇಲೇ ಎರಡೂ ಕಡೆಯ ವಾಹನ ಓಡಬೇಕಾಯಿತು. ನದಿಯಾಚೆಯ ಸದಾಶಿವಗಡದಿಂದ ದಿನಾ ಬರುವವರಿಗೆ ಆದದ್ದು ಇನ್‌ಕನ್ವೀನಿಯೆನ್ಸ್, ಅಂದರೆ ಅನಾನುಕೂಲ. ಅದನ್ನು ಹಾರ್ಡ್‌ಶಿಪ್ ಎಂದರೆ ಜಾಸ್ತಿಯಾಯಿತು.

ನಮ್ಮ ಜಿಲ್ಲೆಯವರು ಬಹಳ ಮಾಡುವ ಒಂದು ತಪ್ಪು ‘ನಿರಾಶ್ರಿತರು’ ಎಂಬ ಪದದ್ದು. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಆಮೇಲೆ ಕಡಲಂಚಿನ ಊರುಗಳ ಸಾವಿರಾರು ಮನೆಗಳು ಎದ್ದು ಬೇರೆ ಕಡೆ ಹೋದವು. ಅವರನ್ನು ಇವತ್ತಿಗೂ ಸೀಬರ್ಡ್ ನಿರಾಶ್ರಿತರು ಅಂತಲೇ ಕರೆಯುತ್ತೇವೆ. ಕದ್ರಾ, ಕೊಡಸಳ್ಳಿ ಅಣೆಕಟ್ಟುಗಳಿಗೆ ಊರು ಬಿಟ್ಟವರಿಗೂ ಅದೇ ಮಾತು. ಡಿಕ್ಷನರಿ ತೆಗೆದರೆ ನಿರಾಶ್ರಿತ ಅಂದರೆ ರೆಫ್ಯೂಜಿ. ಅದನ್ನೇ ಹಾಕಿದ ಅರ್ಜಿಗಳನ್ನು ಓದಿದ್ದೇನೆ. ರೆಫ್ಯೂಜಿ ಅಂದರೆ ಪ್ರಾಣಭಯದಿಂದ ದೇಶ ಬಿಟ್ಟು ಇನ್ನೊಂದು ದೇಶ ಸೇರಿದವರು. ಓದುವವರಿಗೆ ನಿಮ್ಮ ಅಜ್ಜ ಯಾವ ದೇಶದಿಂದ ಬಂದರು ಎಂಬ ಅನುಮಾನ ಹುಟ್ಟುತ್ತದೆ. ಇಲ್ಲಿಗೆ ಡಿಸ್‌ಪ್ಲೇಸ್ಡ್ ಎಂಬ ಪದ ಸಾಕು. ‘ಅವರ್ ಫ್ಯಾಮಿಲಿ ವಾಸ್ ಡಿಸ್‌ಪ್ಲೇಸ್ಡ್ ಬೈ ದ ನೇವಲ್ ಬೇಸ್.’ ಇಷ್ಟು ಹೇಳಿದರೆ ಯಾರು ಎಬ್ಬಿಸಿದರು, ಯಾಕೆ ಎದ್ದಿರಿ, ಎರಡೂ ಬಂದುಬಿಡುತ್ತದೆ.

ಹಾರ್ಡ್ ಟೈಮ್ಸ್ ಬಗ್ಗೆ ಒಂದು ಸೂಕ್ಷ್ಮ ಹೇಳಬೇಕು. ‘ಫೆಲ್ ಆನ್ ಹಾರ್ಡ್ ಟೈಮ್ಸ್’ ಅಂದರೆ ಮೊದಲು ಚೆನ್ನಾಗಿದ್ದವರು ಕೆಳಗೆ ಬಿದ್ದರು ಅಂತ. ನಾಲ್ಕು ಬೋಟ್ ಇಟ್ಟಿದ್ದ ಮಾಲೀಕರು ಸಾಲ ತೀರಿಸಲಾಗದೆ ಎಲ್ಲ ಮಾರಿದರೆ ಈ ಮಾತು ಹೊಂದುತ್ತದೆ. ಮೊದಲಿನಿಂದಲೂ ಪಾಲಿನ ದುಡ್ಡಿನಲ್ಲೇ ಬದುಕಿದ ಖಲಾಸಿಯ ಮನೆಗೆ ಹೊಂದುವುದಿಲ್ಲ. ದುಡ್ಡಿನ ಇಕ್ಕಟ್ಟಿಗೆ ಹೇಳುವ ಸ್ಟ್ರೇಟನ್ಡ್ ಸರ್ಕಮ್‌ಸ್ಟೆನ್ಸಸ್ ಎಂಬ ಗತ್ತಿನ ಮಾತಿಗೂ ಅದೇ ಕಥೆ. ದಿನದ ದುಡಿಮೆ ದಿನಕ್ಕೇ ಮುಗಿಯುತ್ತಿತ್ತು ಎಂದು ಹೇಳಬೇಕಾದರೆ ‘ಹ್ಯಾಂಡ್ ಟು ಮೌತ್’ ಇದೆ. ಖರ್ಚು ಸರಿದೂಗಿಸಲು ಒದ್ದಾಡಿದೆವು ಎನ್ನುವ ‘ಸ್ಟ್ರಗಲ್ಡ್ ಟು ಮೇಕ್ ಎಂಡ್ಸ್ ಮೀಟ್’ ಕೂಡ ತಪ್ಪಲ್ಲ. ಆದರೆ ಸ್ಕಾಲರ್‌ಶಿಪ್ ಅರ್ಜಿಗಳಲ್ಲಿ ಅದನ್ನು ಬರೆಯದವರೇ ಇಲ್ಲ. ಓದುವವರ ಕಣ್ಣು ಅದರ ಮೇಲೆ ನಿಲ್ಲದೆ ಜಾರಿಹೋಗುತ್ತದೆ. ಹಾರ್ಡ್ ಅಪ್ ಅಂದರೆ ಕೈಯಲ್ಲಿ ಕಾಸಿಲ್ಲ ಅಂತ. ಅದು ಗೆಳತಿಯ ಹತ್ತಿರ ಹೇಳುವ ಮಾತು, ಅರ್ಜಿಗಲ್ಲ. ಸ್ಲಂಪ್, ರಿಸೆಷನ್, ಡಿಪ್ರೆಷನ್ ಇವು ಪೇಟೆ ಮತ್ತು ದೇಶದ ಮಾತು, ನಿಮ್ಮ ಮನೆಯ ಸುದ್ದಿಗೆ ಬೇಡ.

ಈಗ ಮೊಬೈಲ್ ತೋರಿಸಿದ ಡೈರ್ ಸ್ಟ್ರೇಟ್ಸ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಇಂಗ್ಲಿಷಿನಲ್ಲಿ ಕಷ್ಟಕ್ಕಿರುವ ಮಾತುಗಳಲ್ಲಿ ಬಹಳಷ್ಟು ಕಡಲಿನಿಂದ ಬಂದವು. ಬೆಂಗಳೂರಿನ ಹುಡುಗಿಗೆ ಇವನ್ನು ವಿವರಿಸಬೇಕು, ಬೈತಖೋಲದವರಿಗೆ ಬೇಕಿಲ್ಲ. ಸ್ಟ್ರೇಟ್ ಅಂದರೆ ಎರಡು ನೆಲಗಳ ನಡುವಿನ ಇಕ್ಕಟ್ಟಾದ ನೀರಿನ ದಾರಿ. ಭಾರತ ಮತ್ತು ಶ್ರೀಲಂಕಾ ನಡುವೆ ಇರುವ ಪಾಕ್ ಜಲಸಂಧಿ ಅಂಥದ್ದು. ಡೈರ್ ಅಂದರೆ ಘೋರ. ನಾವು ‘ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡೆ’ ಅನ್ನುವುದಿಲ್ಲವಾ, ಎರಡೂ ಭಾಷೆ ಒಂದೇ ರೀತಿ ಯೋಚಿಸಿದೆ. ಆದರೆ ಇದು ಭಾರದ ಮಾತು. ಮನೆ ಜಪ್ತಿಗೆ ಬಂದಿದೆ, ಆಸ್ಪತ್ರೆ ಬಿಲ್ ಕಟ್ಟಲು ದಾರಿ ಇಲ್ಲ, ಆ ಮಟ್ಟಕ್ಕೆ ಹೇಳುವಂಥದ್ದು. ಎರಡು ತಿಂಗಳ ಬಂದ್‌ಗೆ ಹಾಕಿದರೆ ಸುಳ್ಳಾಗುತ್ತದೆ. ಬರೆಯಲೇಬೇಕಾದರೆ ಸ್ಪೆಲ್ಲಿಂಗ್ ನೋಡಿಕೊಳ್ಳಿ. ಒಳಗೆ ಜಿ, ಎಚ್ ಬರುವುದಿಲ್ಲ. ಜಿ, ಎಚ್ ಹಾಕಿದರೆ ಅದು ‘ನೇರ’ ಆಗಿಬಿಡುತ್ತದೆ.

ಭರತ ಮತ್ತು ಇಳಿತ ನಿಮಗೆ ದಿನದ ಮಾತು. ಇಳಿತಕ್ಕೆ ಇಂಗ್ಲಿಷಿನಲ್ಲಿ ಎಬ್. ‘ಅಟ್ ಎ ಲೋ ಎಬ್’ ಅಂದರೆ ಧೈರ್ಯವೋ ದುಡ್ಡೋ ಪೂರಾ ಇಳಿದುಹೋದ ಹೊತ್ತು. ಇಳಿತದಲ್ಲಿ ದೋಣಿ ಮರಳಿನ ಮೇಲೆ ಒಣಗಿ ನಿಂತುಬಿಡುತ್ತದಲ್ಲ, ಅದು ‘ಹೈ ಅಂಡ್ ಡ್ರೈ’. ಜೊತೆಯಲ್ಲಿದ್ದವರು ಕೈಬಿಟ್ಟು ಹೋದಾಗ ‘ಲೆಫ್ಟ್ ಅಸ್ ಹೈ ಅಂಡ್ ಡ್ರೈ’ ಅನ್ನುತ್ತಾರೆ. ಬೋಟ್ ಬಂಡೆಗೆ ಬಡಿದರೆ ‘ಆನ್ ದ ರಾಕ್ಸ್’, ಅದನ್ನು ಮದುವೆಗೂ ವ್ಯಾಪಾರಕ್ಕೂ ಹೇಳುತ್ತಾರೆ. ‘ಕೀಪ್ ಅವರ್ ಹೆಡ್ಸ್ ಅಬವ್ ವಾಟರ್’ ಅಂದರೆ ಮುಳುಗದೆ ಹೇಗೋ ಉಸಿರಾಡಿಕೊಂಡು ಇದ್ದೇವೆ ಅಂತ. ಡೋಲ್ಡ್ರಮ್ಸ್ ಕಥೆ ಸ್ವಲ್ಪ ತಿರುವು. ಭೂಮಧ್ಯರೇಖೆಯ ಹತ್ತಿರ ಗಾಳಿ ಬಿದ್ದುಹೋಗಿ ಹಾಯಿಹಡಗುಗಳು ವಾರಗಟ್ಟಲೆ ನಿಂತುಬಿಡುತ್ತಿದ್ದ ಕಡಲಿಗೆ ಆ ಹೆಸರು. ಅಲ್ಲಿಂದ ಮನಸ್ಸಿನ ಜಡತನಕ್ಕೆ ಬಂತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದದ್ದು ಉಲ್ಟಾ. ಮೊದಲು ಮನಸ್ಸಿನ ಬೇಸರಕ್ಕೆ ಹಾಗೆ ಹೇಳುತ್ತಿದ್ದರು, ಆಮೇಲೆ ಕಡಲಿಗೆ ಹೋಯಿತು.

ಇವುಗಳಲ್ಲಿ ನಿಮ್ಮ ಪ್ರಬಂಧಕ್ಕೆ ನಾನು ಆರಿಸುವುದು ಒಂದನ್ನು ಮಾತ್ರ, ಟೈಡ್ ಓವರ್. ಗಾಳಿ ಇಲ್ಲದಾಗ ಹಳೆಯ ಹಡಗಿನವರು ಭರತದ ಸೆಳೆತದಲ್ಲಿ ಮುಂದೆ ಹೋಗಿ, ನೀರು ತಿರುಗಿದ ಕೂಡಲೇ ಲಂಗರು ಹಾಕಿ ಕಾಯುತ್ತಿದ್ದರು. ಮತ್ತೆ ಅನುಕೂಲದ ನೀರು ಬಂದಾಗ ಮುಂದಕ್ಕೆ. 1627ರಲ್ಲಿ ಅಚ್ಚಾದ ನಾವಿಕರ ಇಂಗ್ಲಿಷ್ ಕೈಪಿಡಿಯೊಂದರಲ್ಲೇ ಟೈಡ್ ಓವರ್ ಎಂಬುದಕ್ಕೆ ಈ ಅರ್ಥ ಕೊಟ್ಟಿದ್ದಾರೆ. ಕಾಳಿ ಅಳಿವೆಯಲ್ಲಿ, ಅಘನಾಶಿನಿಯಲ್ಲಿ ಕೈದೋಣಿಯವರು ಇವತ್ತಿಗೂ ಮಾಡುವುದು ಹೀಗೇ. ಭರತದ ಜೊತೆ ಒಳಗೆ, ಇಳಿತದ ಜೊತೆ ಹೊರಗೆ. ಈಗಿನ ಇಂಗ್ಲಿಷಿನಲ್ಲಿ ಅದು ‘ಮುಂದಿನ ಆದಾಯ ಬರುವವರೆಗೆ ದಾಟಿಸುವುದು’. ‘ಮೈ ಮದರ್ಸ್ ಅರ್ನಿಂಗ್ಸ್ ಟೈಡೆಡ್ ಅಸ್ ಓವರ್ ಅಂಟಿಲ್ ಆಗಸ್ಟ್.’ ಆಯಿಯ ಸಂಪಾದನೆ ನಮ್ಮನ್ನು ಆಗಸ್ಟ್‌ವರೆಗೆ ದಾಟಿಸಿತು. ವಾಕ್ಯದ ಜೋಡಣೆ ಗಮನಿಸಿ. ನಮ್ಮ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಟೈಡ್ ಓವರ್ ದ ಕ್ರೈಸಿಸ್’ ಅಂತ ಕಷ್ಟವನ್ನೇ ದಾಟುವ ಹಾಗೆ ಬರೆಯುತ್ತಾರೆ. ಇಲ್ಲಿ ಅದು ನಡೆಯುತ್ತದೆ. ಬೇರೆ ಕಡೆ ಹೆಚ್ಚಾಗಿ ದುಡ್ಡು ಜನರನ್ನು ದಾಟಿಸುತ್ತದೆ, ‘ಟೈಡೆಡ್ ಅಸ್ ಓವರ್’. ನೀವು ಎರಡನೆಯದನ್ನೇ ಹಿಡಿಯಿರಿ, ಎಲ್ಲ ಕಡೆ ಸಲ್ಲುತ್ತದೆ.

ಕಡಲಿನ ಮಾತುಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಒಂದೇ ಪ್ಯಾರಾದಲ್ಲಿ ಬಿರುಗಾಳಿ, ಬಂಡೆ, ಇಳಿತ ಎಲ್ಲ ಬಂದರೆ, ನಿಜವಾಗಿ ಕಡಲಿಗೆ ಹೋಗುವ ನಿಮ್ಮ ಅಪ್ಪನ ಕೆಲಸ ಅದರಲ್ಲಿ ಕಾಣದೇ ಹೋಗುತ್ತದೆ. ಬೋಟ್ ಅಲುಗಾಡಿತು ಅಂದರೆ ಅದು ಅಲಂಕಾರವೋ ನಿಜವೋ ಅಂತ ಓದುವವರಿಗೆ ತಿಳಿಯಬೇಕಲ್ಲ. ಡಿಸ್ಟ್ರೆಸ್ ಎಂಬ ಪದಕ್ಕೂ ಇದೇ ಎಚ್ಚರ. ಮೀನುಗಾರರ ಮನೆಯ ಮಗಳು ‘ವಿ ವರ್ ಇನ್ ಡಿಸ್ಟ್ರೆಸ್’ ಎಂದು ಬರೆದರೆ ಬೋಟ್ ಮುಳುಗುತ್ತಿತ್ತೇ ಎಂದು ಕೇಳುವಂತಾಗುತ್ತದೆ. ದುಡ್ಡಿನ ಕಷ್ಟಕ್ಕೆ ಫೈನಾನ್ಷಿಯಲ್ ಹಾರ್ಡ್‌ಶಿಪ್ ಎಂಬ ಅರ್ಜಿಯ ಮಾತೇ ಇದೆ. ಮುಂದೆ ಬ್ಯಾಂಕಿಗೆ ಕಂತು ಮುಂದೂಡಿ ಎಂದು ಬರೆಯುವ ಸಂದರ್ಭ ಬಂದರೆ ಅದೇ ಪದ ಹಾಕಿ, ಅದಕ್ಕೆ ಮೊದಲು ಟೆಂಪರರಿ ಸೇರಿಸಿ, ಯಾವ ತಿಂಗಳಿಂದ ಮತ್ತೆ ಕಟ್ಟುತ್ತೀರಿ ಅಂತ ತಾರೀಖು ಕೊಡಿ. ಬ್ಯಾಂಕಿನವರು ನೋಡುವುದು ಆ ತಾರೀಖನ್ನೇ.

ಮಳೆಯ ಮಾತುಗಳೂ ಹೀಗೇ ಕೈತಪ್ಪುತ್ತವೆ. ಕಷ್ಟ ಒಂದರ ಹಿಂದೆ ಒಂದು ಬಂದಾಗ ಬ್ರಿಟಿಷರು ‘ಇಟ್ ನೆವರ್ ರೇನ್ಸ್ ಬಟ್ ಇಟ್ ಪೋರ್ಸ್’ ಅನ್ನುತ್ತಾರೆ. ಮಳೆ ಬಂದರೆ ಬರೀ ಹನಿಯಲ್ಲ, ಸುರಿಯುವುದೇ ಸುರಿಯುವುದು ಅಂತ. ನಾವು ‘ದುರ್ಭಿಕ್ಷದಲ್ಲಿ ಅಧಿಕ ಮಾಸ’ ಅನ್ನುತ್ತೇವೆ. ಅಮೆರಿಕದವರ ಬಾಯಲ್ಲಿ ಅದು ‘ವೆನ್ ಇಟ್ ರೇನ್ಸ್, ಇಟ್ ಪೋರ್ಸ್’ ಆಗಿದೆ. ಈ ರೂಪ ಅಲ್ಲಿ ಮನೆಮಾತಾದದ್ದು ಉಪ್ಪಿನ ಜಾಹೀರಾತಿನಿಂದ. ಅಲ್ಲಿಯ ಮಾರ್ಟನ್ ಎಂಬ ಉಪ್ಪಿನ ಕಂಪನಿ 1911ರಲ್ಲಿ ಉಪ್ಪಿಗೆ ಮೆಗ್ನೀಸಿಯಮ್ ಕಾರ್ಬೊನೇಟ್ ಬೆರೆಸಿತು. ಮಳೆಗಾಲದ ತೇವಕ್ಕೂ ಉಪ್ಪು ಗಂಟುಕಟ್ಟದೆ ಸರಾಗ ಉದುರುತ್ತದೆ, ಅಂದರೆ ಪೋರ್ ಆಗುತ್ತದೆ ಎಂದು 1914ರಲ್ಲಿ ಆ ಗಾದೆಯನ್ನೇ ಉಪ್ಪಿನ ಡಬ್ಬಿಯ ಮೇಲೆ ತಂದಿತು. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪು ತಿನ್ನುವ ನಮಗೆ ಈ ಜಾಣತನ ಬೇಗ ಅರ್ಥವಾಗುತ್ತದೆ. ಆಷಾಢದಲ್ಲಿ ನಮ್ಮ ಉಪ್ಪಿನ ಭರಣಿಯ ತಳದಲ್ಲಿ ನೀರೇ ನಿಂತಿರುತ್ತದೆ.

‘ಸೇವ್ ಫಾರ್ ಎ ರೈನಿ ಡೇ’ ಕೂಡ ಹಾಗೇ. ಆಪತ್ತಿಗೆ ಅಂತ ಸ್ವಲ್ಪ ಎತ್ತಿಡುವುದಕ್ಕೆ ಇಂಗ್ಲಿಷಿನಲ್ಲಿ ಕೆಲವು ನೂರು ವರ್ಷಗಳಿಂದ ಈ ಮಾತಿದೆ. ಅಲ್ಲಿಯ ರೈನಿ ಡೇ ಯಾವತ್ತೋ ಒಂದು ದಿನ, ಬಂದರೂ ಬರಬಹುದು, ಬಾರದೆಯೂ ಇರಬಹುದು. ನಮ್ಮಲ್ಲಿ ಮೇ ತಿಂಗಳಲ್ಲೇ ಒಣಮೀನು ಕಟ್ಟಿಟ್ಟು, ಕಟ್ಟಿಗೆ ಒಳಗೆ ಹಾಕಿ, ಅಕ್ಕಿ ತುಂಬಿಸಿಕೊಳ್ಳುವುದು ಖಂಡಿತ ಬರುವ ಮಳೆಗೆ. ಹಾಗಾಗಿ ಈ ಮಾತನ್ನು ಸುಮ್ನೆ ಉದುರಿಸಿದರೆ ಸಪ್ಪೆ. ಅದನ್ನೇ ತಿರುಗಿಸಿ ‘ಇನ್ ಅವರ್ ಹೌಸ್, ದ ರೈನಿ ಡೇ ಲಾಸ್ಟ್ಸ್ ಟೂ ಮಂತ್ಸ್’ ಅಂದರೆ ಓದುವವರು ಒಂದು ಕ್ಷಣ ನಿಲ್ಲುತ್ತಾರೆ. ಗಾದೆಯೂ ಉಳಿಯಿತು, ನಿಮ್ಮ ಮನೆಯ ನಿಜವೂ ಬಂತು.

ಪ್ರಬಂಧವನ್ನು ನಾನಾಗಿದ್ದರೆ ಹೀಗೆ ಶುರು ಮಾಡುತ್ತಿದ್ದೆ: ‘ಎವ್ರಿ ಇಯರ್, ಆನ್ ದ ಫಸ್ಟ್ ಆಫ್ ಜೂನ್, ದ ಬೋಟ್ಸ್ ಸ್ಟಾಪ್. ಫಾರ್ 61 ಡೇಸ್ ಮೈ ಫಾದರ್ ಅರ್ನ್ಸ್ ನಥಿಂಗ್ ಫ್ರಮ್ ದ ಸೀ.’ ಇದರಲ್ಲಿ ಕಷ್ಟ ಎಂಬ ಪದವೇ ಇಲ್ಲ, ಆದರೂ ಕಷ್ಟ ಗೊತ್ತಾಗುತ್ತದೆ. ಆಮೇಲೆ ಆ 61 ದಿನ ಅಪ್ಪ ಏನು ಮಾಡುತ್ತಾರೆ ಅಂತ ಬರೆಯಿರಿ. ಬಲೆ ಹೆಣೆಯುತ್ತಾರಾ, ಗಾರೆ ಕೆಲಸಕ್ಕೆ ಹೋಗುತ್ತಾರಾ, ನಿಷೇಧ ಇಲ್ಲದ ನಾಡದೋಣಿಯವರ ಜೊತೆ ದಡದ ಹತ್ತಿರ ಬಲೆ ಬಿಡುತ್ತಾರಾ? ನಿಮ್ಮ ಕಾಲೇಜು ಫೀಸು ಕಟ್ಟುವ ತಿಂಗಳೂ ಅದೇ ಹೊತ್ತಿಗೆ ಬರುತ್ತದಾ? ಬಂದರೆ ಅದನ್ನು ಖಂಡಿತ ಹಾಕಿ, ಎಷ್ಟು ರೂಪಾಯಿ ಅಂತಲೂ ಹಾಕಿ. ಲಕ್ಷ, ಕೋಟಿ ಲೆಕ್ಕ ಹೊರದೇಶದವರಿಗೆ ತಿಳಿಯದು, ಸಾವಿರದಲ್ಲೇ ಹೇಳಿ. ಸ್ಟ್ರಗಲ್ ಎಂಬ ಪದ ಇಡೀ ಪ್ರಬಂಧದಲ್ಲಿ ಒಮ್ಮೆ ಬಂದರೆ ಸಾಕು. ಲೀನ್ ಸೀಸನ್ ಕೂಡ ಒಮ್ಮೆ ಸಾಕು.

ಕೊನೆಗೆ ಫಿಶ್‌ವೈಫ್. ದಯವಿಟ್ಟು ಹಾಕಬೇಡಿ. ಒಂದು ಕಾಲದಲ್ಲಿ ಅದಕ್ಕೆ ಮೀನು ಮಾರುವ ಹೆಂಗಸು ಎಂಬ ಸಾದಾ ಅರ್ಥ ಇತ್ತು. ಇಲ್ಲಿ ವೈಫ್ ಅಂದರೆ ಹೆಂಡತಿ ಅಲ್ಲ, ಹೆಂಗಸು. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಅದೇ ಅರ್ಥ, ಸೂಲಗಿತ್ತಿಗೆ ಹೇಳುವ ಮಿಡ್‌ವೈಫ್‌ನಲ್ಲಿ ಅದು ಇನ್ನೂ ಉಳಿದಿದೆ. ಆದರೆ ಈಗ ಫಿಶ್‌ವೈಫ್ ಎಂದರೆ ಬಾಯಿಬಡುಕಿ, ಬೈಗುಳದವಳು ಎಂಬ ಬೈಗುಳ. ಮೀನು ಮಾರುವವರ ಬಾಯಿ ಜೋರು ಎಂದು ಅಲ್ಲಿಯವರೂ ಅಂದುಕೊಂಡಿದ್ದರು ಅನ್ನಿ. ಫಿಶ್‌ಮಾಂಗರ್ ಅಂದರೆ ಬ್ರಿಟನ್ನಿನಲ್ಲಿ ಮೀನಿನ ಅಂಗಡಿ ಇಟ್ಟವರು. ಬುಟ್ಟಿ ಇಟ್ಟುಕೊಂಡು ಕೂರುವವರಿಗೆ ಫಿಶ್ ವೆಂಡರ್ ಅನ್ನಬಹುದು. ಅದಕ್ಕಿಂತ ಸಲೀಸು ‘ಮೈ ಮದರ್ ಸೆಲ್ಸ್ ಫಿಶ್ ಇನ್ ದ ಕಾರವಾರ ಮಾರ್ಕೆಟ್’. ಬಂದ್ ಕಾಲದಲ್ಲಿ ಅವರು ಬಳಚು ಮಾರುವುದಾದರೆ ಅದಕ್ಕೆ ಕ್ಲ್ಯಾಮ್ಸ್ ಅನ್ನಿ. ಒಣಮೀನಿಗೆ ಡ್ರೈಡ್ ಫಿಶ್, ಕೊನೆಯಲ್ಲಿ ‘ಡ್’ ಇರಲಿ. ನಮ್ಮ ಅಂಗಡಿಗಳ ಬೋರ್ಡಿನಲ್ಲಿ ಡ್ರೈ ಫಿಶ್ ಅಂತಲೇ ಇರುತ್ತದೆ, ಅದನ್ನು ನೋಡಿ ಬರೆಯಬೇಡಿ.